ಅವಧಿ ಮೀರಿದ ಮೇಲ್ಮನವಿ

ನಾರಾಯಣಪುರ ಜಲಾಶಯದ ಹಿನ್ನೀರು ಹುನಗುಂದ ಸೀಮೆಯನ್ನು ಮುಟ್ಟಿದಂದಿನಿಂದ ಮರೋಳದ ಹೆಸರನ್ನು ಹೊತ್ತ ನೀರಾವರಿ ಯೋಜನೆಯ ಕಾಲದವರೆಗೆ, ಭೂಸ್ವಾಧೀನ, ಪರಿಹಾರ, ಮೇಲ್ಮನವಿ ಎಂಬ ಮಾತುಗಳು ಇಲ್ಲಿಯ ಒಕ್ಕಲು ಮನೆತನಗಳಿಗೆ ಪರಿಚಿತವಾಗಿವೆ. ಕೆಳಗಿನ ನ್ಯಾಯಾಲಯವು ಗೊತ್ತುಮಾಡಿದ ಪರಿಹಾರವೂ ಸಾಲದೆಂದು ಬಗೆದ ರೈತನು ಧಾರವಾಡದ ಉಚ್ಚ ನ್ಯಾಯಾಲಯ ಪೀಠದ ಮೆಟ್ಟಿಲೇರಿದಾಗ, ಅವನ ವಾದದ ಬಲಾಬಲಕ್ಕಿಂತ ಮೊದಲು ಪರೀಕ್ಷೆಗೊಳಗಾಗುವುದು ಅವನು ಬಂದ ದಿನಾಂಕವೇ.

1963ರ ಕಾಲಪರಿಮಿತಿ ಕಾಯಿದೆಯ ಮೇರೆಗೆ ಸಿವಿಲ್ ತೀರ್ಪಿನ ಮೇಲ್ಮನವಿಗೆ ಉಚ್ಚ ನ್ಯಾಯಾಲಯದಲ್ಲಿ 90 ದಿನ, ಇತರ ನ್ಯಾಯಾಲಯಗಳಲ್ಲಿ 30 ದಿನ ಸಾಮಾನ್ಯ ವಾಯಿದೆ. ಅದು ಮೀರಿದುದಾದರೆ, ಎದುರುವಾದಿಯು ತುಟಿ ಬಿಚ್ಚದಿದ್ದರೂ, ಮೇಲ್ಮನವಿಯನ್ನು ವಜಾ ಮಾಡಬೇಕೆಂದು 3ನೆಯ ಪ್ರಕರಣವು ವಿಧಿಸುತ್ತದೆ. ವ್ಯಾಜ್ಯಕ್ಕೆ ಎಂದಾದರೊಮ್ಮೆ ಮುಕ್ತಾಯವಿರಬೇಕು, ಗೆದ್ದವನು ನಿಶ್ಚಿಂತನಾಗಬೇಕು ಎಂಬುದೇ ಇದರ ಹಿಂದಿನ ಆಶಯ.

ಆದರೂ ಈ ದಿನಗಣನೆಯು ಹೊರಗಿನಿಂದ ತೋರುವಷ್ಟು ನಿಷ್ಠುರವಾದುದಲ್ಲ. ತೀರ್ಪಿನ ದಿನವು ಲೆಕ್ಕಕ್ಕಿಲ್ಲ. ದೃಢೀಕೃತ ನಕಲು ಪಡೆಯಲು ಹಿಡಿದ ಕಾಲವನ್ನೂ 12ನೆಯ ಪ್ರಕರಣವು ಕಳೆಯುತ್ತದೆ. ಕೊನೆಯ ದಿನ ನ್ಯಾಯಾಲಯಕ್ಕೆ ರಜೆಯಿದ್ದರೆ ತೆರೆದ ದಿನ ಸಲ್ಲಿಸಬಹುದು. ಜೂನ್ 1ರಂದು ತೀರ್ಪಾಗಿ, 11ರಂದು ನಕಲಿಗೆ ಅರ್ಜಿ ಕೊಟ್ಟು, 30ರಂದು ನಕಲು ಸಿದ್ಧವಾಯಿತೆನ್ನೋಣ: ಆ 20 ದಿನಗಳು ಕಳೆದು, 90 ದಿನಗಳ ವಾಯಿದೆಯು ಸೆಪ್ಟೆಂಬರ್ 19ರವರೆಗೆ ಸಾಗುತ್ತದೆ. ಆದರೆ ಅರ್ಜಿ ಕೊಡುವ ಮುನ್ನ ಸುಮ್ಮನೆ ಕಳೆದ ದಿನಗಳಿಗೆ ಈ ವಿನಾಯಿತಿಯಿಲ್ಲ. ತೀರ್ಪಾದೊಡನೆ ನಕಲಿಗೆ ಅರ್ಜಿ ಹಾಕಿರೆಂದು ವಕೀಲರು ಅವಸರಪಡಿಸುವುದು ಇದಕ್ಕಾಗಿಯೇ.

ಇಷ್ಟಾಗಿಯೂ ವಾಯಿದೆ ಮೀರಿದರೆ, 5ನೆಯ ಪ್ರಕರಣದ ಪ್ರಕಾರ ಸಾಕಷ್ಟು ಕಾರಣವನ್ನು ಪ್ರಮಾಣಪತ್ರದ ಮೂಲಕ ತೋರಿ ವಿಳಂಬ ಮನ್ನಾ ಮಾಡುವಂತೆ ಬೇಡಬಹುದು. ಭೂಪರಿಹಾರದ ವ್ಯಾಜ್ಯವೊಂದರಲ್ಲಿಯೇ ಸರಕಾರವು 4 ದಿನ ತಡವಾಗಿ ತಂದ ಮೇಲ್ಮನವಿಯನ್ನು ಕುರಿತು, 1987ರ ಕಾತಿಜಿ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯವು ಉದಾರದೃಷ್ಟಿಯನ್ನು ಎತ್ತಿಹಿಡಿಯಿತು. 1998ರಲ್ಲಿ ಬಾಲಕೃಷ್ಣನ್ ಪ್ರಕರಣದಲ್ಲಿ 883 ದಿನಗಳ ವಿಳಂಬವೂ ಕ್ಷಮಾರ್ಹವೆನಿಸಿತು. 2012ರಲ್ಲಿಯಾದರೋ ಅಂಚೆ ಇಲಾಖೆಯ 427 ದಿನಗಳ ವಿಳಂಬಕ್ಕೆ, ಕಡತವು ಮೇಜಿನಿಂದ ಮೇಜಿಗೆ ಸಾಗುವ ಎಂದಿನ ಸಮಜಾಯಿಷಿಯು ಸಾಲದೆಂದು ಅದೇ ನ್ಯಾಯಾಲಯವು ಕ್ಷಮೆಯನ್ನು ನಿರಾಕರಿಸಿತು. ಹೀಗಾಗಿ ತೂಕಕ್ಕೆ ಬರುವುದು ವಿಳಂಬದ ದೈರ್ಘ್ಯಕ್ಕಿಂತ ಅದರ ಕಾರಣದ ಸತ್ಯತೆ.

ಕ್ಷಮೆಗೂ ಬೆಲೆಯುಂಟು. ತಡವಾಗಿ ಬಂದ ಭೂಮಾಲೀಕರ ಮೇಲ್ಮನವಿಯನ್ನು ಅಂಗೀಕರಿಸುವಾಗ, ತಡವಾದ ಅವಧಿಗೆ ಹೆಚ್ಚುವರಿ ಪರಿಹಾರದ ಬಡ್ಡಿಯಿಲ್ಲವೆಂಬ ಷರತ್ತನ್ನು ನ್ಯಾಯಾಲಯಗಳು ವಿಧಿಸಿದ್ದುಂಟು. ಆಸ್ಪತ್ರೆಯ ಚೀಟಿ, ನಕಲಿನ ಅರ್ಜಿಯ ರಸೀದಿ, ನೋಟಿಸು ಕೈಸೇರಿದ ದಿನದ ದಾಖಲೆ ಇವನ್ನು ಜೋಪಾನವಾಗಿ ಇಟ್ಟುಕೊಂಡವನ ಕಾರಣವು ಬರಿಯ ಮಾತಾಗಿ ಉಳಿಯದೆ ಪುರಾವೆಯಾಗುತ್ತದೆ.