ಸೌದೆ, ನೀರು, ತೂಕ

ಆಗತಾನೆ ಕಡಿದ ನೀಲಗಿರಿಯ ಒಂದು ಟನ್ ತೂಗಿದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಟನ್ ನೀರೇ ಇರುತ್ತದೆ. ಈ ನೀರನ್ನು ರೈತನ ತೋಪಿನಿಂದ ಹೆಗಲ ಮೇಲೆ ಹೊರಬೇಕು, ಲಾರಿಗೆ ಏರಿಸಬೇಕು, ಡೀಸೆಲ್ ಸುಟ್ಟು ಊರಿಗೆ ತರಬೇಕು. ಆಮೇಲೆ ಅದು ಗಾಳಿಗೆ ಆರಬೇಕು. ಆರದಿದ್ದರೆ ಒಲೆಯಲ್ಲಿ ಉರಿಯನ್ನು ನುಂಗಿ ಹೊಗೆಯಾಗುತ್ತದೆ. ಸಣ್ಣ ಮಟ್ಟದಲ್ಲಿ ಸೌದೆ ಮಾಡಿ ಮಾರುವವನ ಸಲಕರಣೆ, ಗಾಡಿ, ದಿನದ ಕೆಲಸ, ಕೊನೆಗೆ ಕೈಗೆ ಉಳಿಯುವ ಕಾಸು ಎಲ್ಲವೂ ಈ ನೀರಿನ ಲೆಕ್ಕದ ಮೇಲೇ ನಿಂತಿವೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಬಯಲು ಸೀಮೆಯಲ್ಲಿ ಈ ಕಸುಬು ನಡೆಯುವ ಬಗೆಯನ್ನು ಈ ಅಧ್ಯಾಯದಲ್ಲಿ ನೋಡೋಣ.

ಮರ ಬರುವ ದಾರಿ

ಈ ಸೀಮೆಯ ಸೌದೆಗೆ ಆಧಾರವಾದ ಎರಡು ಮರಗಳೂ ಹೊರಗಿನಿಂದ ಬಂದವು. ನೀಲಗಿರಿಯನ್ನು 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ನಂದಿಬೆಟ್ಟದಲ್ಲಿ ನೆಡಿಸಿದನೆಂದು ದಾಖಲೆಗಳು ಹೇಳುತ್ತವೆ. ಅಲ್ಲಿಂದ ಹರಡಿದ ತಳಿಗೆ ಅರಣ್ಯ ಶಾಸ್ತ್ರದಲ್ಲಿ 'ಮೈಸೂರು ಗಮ್' ಎಂಬ ಹೆಸರೇ ನಿಂತಿತು. ಸರ್ವೆ ಮರ 1868ರಲ್ಲಿ ಕಾರವಾರದ ಕಡಲ ತೀರಕ್ಕೆ ಬಂದಿತು. ಎರಡೂ ಬೇಗ ಬೆಳೆಯುತ್ತವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಹೊಲದಲ್ಲಿರುವ ಮರ ಕಡಿಯಲು ಅನುಮತಿ ಬೇಕೆನ್ನುತ್ತದೆಯಾದರೂ ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವು ಮರಗಳಿಗೆ ವಿನಾಯಿತಿ ಕೊಟ್ಟಿದೆ. ಸಣ್ಣ ವ್ಯಾಪಾರಿ ಈ ಮರಗಳನ್ನೇ ನೆಚ್ಚಿಕೊಳ್ಳಲು ಇದೂ ಒಂದು ಕಾರಣ.

ಅವನು ತೋಪನ್ನು ಎರಡು ರೀತಿಯಲ್ಲಿ ಕೊಳ್ಳುತ್ತಾನೆ. ನಿಂತ ಮರಗಳನ್ನು ಕಣ್ಣಳತೆಯಲ್ಲೇ ಅಂದಾಜು ಮಾಡಿ ಇಡೀ ತೋಪಿಗೆ ಒಂದು ಮೊತ್ತ ಮಾತಾಡಿಕೊಳ್ಳುವುದು ಒಂದು. ಕಡಿದು ವೇಬ್ರಿಡ್ಜ್ ಮೇಲೆ ತೂಗಿಸಿ ಟನ್ನಿಗಿಷ್ಟು ಎಂದು ಕೊಡುವುದು ಇನ್ನೊಂದು. ಕಡಿದದ್ದೆಲ್ಲ ಸೌದೆಯಾಗುವುದಿಲ್ಲ. ನೆಟ್ಟಗಿರುವ ಸರ್ವೆ ಕಟ್ಟಡದ ಸಾರುವೆಗೆ ಹೋಗುತ್ತದೆ, ನೆಟ್ಟಗಿರುವ ನೀಲಗಿರಿ ಕಾಗದದ ಕಾರ್ಖಾನೆಗೆ. ಡೊಂಕು, ಕವಲು, ಗಂಟು, ತುದಿ, ಬೊಡ್ಡೆ ಸೌದೆಯವನ ಪಾಲು. ಒಳ್ಳೆಯ ಮರಕ್ಕೆ ಬೇರೆ ಗಿರಾಕಿ ಇರುವುದರಿಂದಲೇ ಒಡೆಯಲು ಕಷ್ಟವಾದ ಮರ ಇವನ ಅಂಗಳಕ್ಕೆ ಬರುತ್ತದೆ.

2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ಮತ್ತು ಅಕೇಶಿಯಾವನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಹಳೆಯ ತೋಪು ಮುಗಿದಂತೆ ವ್ಯಾಪಾರಿ ಸಿಲ್ವರ್ ಓಕ್, ಫಸಲು ನಿಂತ ಮಾವು, ಕೆರೆಯಂಗಳದ ಬಳ್ಳಾರಿ ಜಾಲಿಯ ಕಡೆ ತಿರುಗಬೇಕಾಗಿದೆ.

ಮಿಷನ್ನು, ಅರ, ಆಯಿಲ್ಲು

ಹಿಂದೆ ಇಬ್ಬರು ಎದುರುಬದುರು ಕೂತು ಎಳೆಯುತ್ತಿದ್ದ ಗರಗಸದ ಜಾಗಕ್ಕೆ ಈಗ ಮರ ಕೊಯ್ಯುವ ಮಿಷನ್, ಅಂದರೆ ಚೈನ್ ಸಾ ಬಂದಿದೆ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಇಂಥ ಗರಗಸ ತಂದ, ಮೂರು ವರ್ಷಕ್ಕೆ ಪೆಟ್ರೋಲಿನದನ್ನೂ ತಂದ. ಅದರ ಎಂಜಿನ್ನಿಗೆ ಪೆಟ್ರೋಲಿನೊಳಗೇ ಟೂ-ಟಿ ಆಯಿಲ್ ಬೆರೆಸಬೇಕು. ಚೈನ್ ಓಡುವ ಬಾರಿಗೆ ಬೇರೆ ಎಣ್ಣೆ.

ಮಿಷನ್ನಿನ ಯೋಗ್ಯತೆ ಎಂಜಿನ್ನಿಗಿಂತ ಹೆಚ್ಚಾಗಿ ಚೈನಿನ ಹಲ್ಲಿನಲ್ಲಿದೆ. ಹಲ್ಲು ಹರಿತವಾಗಿದ್ದರೆ ಕೊಯ್ಯುವಾಗ ಚಕ್ಕೆ ಚಕ್ಕೆಯಾಗಿ ಸಿಡಿಯುತ್ತದೆ. ಹಿಟ್ಟಿನಂತೆ ಹುಡಿ ಉದುರತೊಡಗಿದರೆ ಹಲ್ಲು ಮೊಂಡಾಗಿದೆ ಎಂದರ್ಥ. ಕೆಲಸಗಾರ ಅಲ್ಲೇ ಬೊಡ್ಡೆಯ ಮೇಲೆ ಮಿಷನ್ ಕೂರಿಸಿ, ದುಂಡು ಅರ ಹಿಡಿದು, ಒಂದೊಂದು ಹಲ್ಲನ್ನೂ ಒಳಗಿನಿಂದ ಹೊರಕ್ಕೆ, ಒಂದೇ ಓರೆಯಲ್ಲಿ, ಒಂದೇ ಎಣಿಕೆಯ ಎಳೆತಗಳಲ್ಲಿ ಮಸೆಯುತ್ತಾನೆ. ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಇರುತ್ತವೆ. ಒಂದು ಕಡೆಯವು ಮಾತ್ರ ಹೆಚ್ಚು ಸವೆದರೆ ಗರಗಸ ಸೊಟ್ಟಗೆ ಕೊಯ್ಯುತ್ತದೆ. ಮಣ್ಣು ಮೆತ್ತಿದ ತೊಗಟೆಗೆ ಚೈನ್ ತಾಗಿದರೆ ಬೆಳಿಗ್ಗೆ ಮಸೆದದ್ದು ಕ್ಷಣದಲ್ಲಿ ಹಾಳು.

ಮರ ಬೀಳಬೇಕಾದ ಕಡೆ ಮೊದಲು ಕಚ್ಚು ತೆಗೆಯುತ್ತಾರೆ. ಆಮೇಲೆ ಹಿಂದಿನಿಂದ ಕೊಯ್ಯುತ್ತ ನಡುವೆ ಒಂದು ಪಟ್ಟಿ ಮರ ಬಿಡುತ್ತಾರೆ. ಮರ ಆ ಪಟ್ಟಿಯ ಮೇಲೆ ಬಾಗಿ ಬೀಳುತ್ತದೆ, ಪಟ್ಟಿಯನ್ನೂ ಕೊಯ್ದರೆ ಎತ್ತ ಬಿದ್ದೀತೆಂದು ಹೇಳಲಾಗದು. ಇನ್ನೊಂದು ಅಪಾಯ ಬಾರಿನ ಮೂತಿಯದು. ಮೂತಿಯ ಮೇಲ್ಭಾಗ ಕೊಂಬೆಗೆ ತಾಗಿದರೆ ಮಿಷನ್ ಕೊಯ್ಯುವವನ ಮುಖದ ಕಡೆಗೇ ನೆಗೆಯುತ್ತದೆ. ಆಗ ಚೈನನ್ನು ನಿಲ್ಲಿಸಲೆಂದೇ ಮುಂದಿನ ಹಿಡಿಯ ಬಳಿ ಬ್ರೇಕು ಇದೆ. ಹೆಲ್ಮೆಟ್ಟು, ಕನ್ನಡಕ, ಗಟ್ಟಿ ಬೂಟು, ಕಾಲಿಗೆ ರಕ್ಷಾ ಉಡುಪು ಇಷ್ಟೂ ಬೇಕಾದ ಕೆಲಸವನ್ನು ನಮ್ಮಲ್ಲಿ ಬಹಳ ಮಂದಿ ಚಪ್ಪಲಿ ಕಾಲಲ್ಲೇ ಮಾಡುತ್ತಾರೆ.

ನೀಲಗಿರಿ ಬೊಡ್ಡೆ ಮತ್ತೆ ಚಿಗುರುತ್ತದೆ. ಹಾಗಾಗಿ ಮರ ಮತ್ತೆ ಬೇಕೆನ್ನುವ ರೈತ ನೆಲಕ್ಕೆ ಹತ್ತಿರದಲ್ಲಿ, ಮಳೆನೀರು ಇಳಿದುಹೋಗುವಂತೆ ಓರೆಯಾಗಿ, ತೊಗಟೆ ಸುಲಿಯದಂತೆ ಕೊಯ್ಯಿರಿ ಎಂದು ಮೊದಲೇ ಹೇಳಿರುತ್ತಾನೆ. ಸರ್ವೆ ಹಾಗೆ ಸರಿಯಾಗಿ ಚಿಗುರದು. ಅದರ ಬೊಡ್ಡೆ, ಬೇರುಗಳನ್ನೂ ಅಗೆದು ಸೌದೆಗೇ ಹಾಕುತ್ತಾರೆ.

ಗಾಡಿ ಮತ್ತು ಹೇರು

ತೋಪಿನೊಳಕ್ಕೆ ಲಾರಿ ಹೋಗದು. ಅಲ್ಲಿಂದ ರಸ್ತೆಯವರೆಗೆ ಟ್ರ್ಯಾಕ್ಟರ್ ಟ್ರೇಲರು, ರಸ್ತೆಯಿಂದ ಡಿಪೋಗೆ ಆರು ಚಕ್ರದ ಲಾರಿ, ಡಿಪೋದಿಂದ ಗಿರಾಕಿಯ ಬಾಗಿಲಿಗೆ ಚಿಕ್ಕ ಗಾಡಿ. 1986ರಲ್ಲಿ ಬಂದ ಟಾಟಾ 407 ಎರಡೂವರೆ ಟನ್ ಆಸುಪಾಸು ಹೊರುತ್ತದೆ. 2005ರಲ್ಲಿ ಬಂದ ಟಾಟಾ ಏಸ್ ಮುಕ್ಕಾಲು ಟನ್ ಹೊತ್ತು ಬೇಕರಿಯ ಹಿಂದಿನ ಗಲ್ಲಿಗೂ ನುಗ್ಗುತ್ತದೆ. ಡಿಪೋದವರಿಗೆ ದಿನವೂ ಬೇಕಾದದ್ದು ಈ ಚಿಕ್ಕ ಗಾಡಿಯೇ.

ಆರು ಚಕ್ರದ ಲಾರಿ ಗಾಡಿಯ ತೂಕವೂ ಸೇರಿ 16.2 ಟನ್ ಮೀರುವಂತಿರಲಿಲ್ಲ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಈ ಮಿತಿಯನ್ನು 18.5 ಟನ್ನಿಗೆ ಏರಿಸಿತು. ಗಾಡಿಯ ತೂಕ ಕಳೆದರೆ ಮರಕ್ಕೆ ಉಳಿಯುವುದು ಹತ್ತು ಹನ್ನೊಂದು ಟನ್. ಹಸಿ ಮರ ಹೇರಿದರೆ ಅದರಲ್ಲಿ ಅರ್ಧ ಬಾಡಿಗೆ ನೀರಿಗೆ ಕೊಟ್ಟ ಹಾಗೆ.

ಹೇರುವ ಹಮಾಲಿಗಳು ಹೆಗಲಿಗೆ ಗೋಣಿಯ ಸಿಂಬೆ ಇಟ್ಟುಕೊಂಡು, ಲಾರಿಗೆ ಒರಗಿಸಿದ ಹಲಗೆಯ ಮೇಲೆ ನಡೆದು ಮರ ಏರಿಸುತ್ತಾರೆ. ಭಾರದ ಬೊಡ್ಡೆ ತಳಕ್ಕೆ, ಉದ್ದದ ತುಂಡು ಅಂಚಿಗೆ, ಸಣ್ಣದು ನಡುವಿಗೆ ಬರಬೇಕು. ಭಾರ ಹಿಂದಕ್ಕೆ ಸರಿದರೆ ಏರಿನಲ್ಲಿ ಲಾರಿಯ ಮುಂದಿನ ಚಕ್ರದ ಹಿಡಿತ ತಪ್ಪುತ್ತದೆ. ವಿನಾಯಿತಿ ಇಲ್ಲದ ಮರ ಹೇರಿದ್ದರೆ ಅರಣ್ಯ ಇಲಾಖೆಯ ಸಾಗಣೆ ಪಾಸ್ ಚಾಲಕನ ಕೈಯಲ್ಲಿರಬೇಕು.

ಸೌದೆ ಒಡೆಯುವುದು

ಕಡಿಯುವ ಕೊಡಲಿಯ ಬಾಯಿ ತೆಳು, ಅದರಿಂದ ಸೌದೆ ಒಡೆಯಹೋದರೆ ಮರದಲ್ಲಿ ಕಚ್ಚಿಕೊಳ್ಳುತ್ತದೆ. ಒಡೆಯುವ ಕೊಡಲಿ ಭಾರವಾಗಿ, ಕೆನ್ನೆ ದಪ್ಪವಾಗಿ ಇರಬೇಕು, ಎಳೆಯನ್ನು ಕತ್ತರಿಸುವ ಬದಲು ಅಗಲಿಸಬೇಕು. ಕಾವಿಗೆ ಕರಿಜಾಲಿ ಒಳ್ಳೆಯದು. ದಪ್ಪ ಬೊಡ್ಡೆಗೆ ಕಬ್ಬಿಣದ ಬೆಣೆ, ಸಮ್ಮಟಿಗೆ ಬೇಕು. ತಲೆಯ ಮೇಲಿನ ಬಿರುಕಿಗೆ ಮೊದಲ ಬೆಣೆ, ಅದು ಇಳಿದಂತೆ ಬಿರುಕಿನ ಮುಂದಿನ ಕೊನೆಗೆ ಎರಡನೆಯದು. ಎರಡನೆಯದನ್ನು ಬಡಿದಾಗ ಮೊದಲನೆಯದು ತಾನಾಗಿ ಸಡಿಲವಾಗುತ್ತದೆ. ಪಳಗಿದವರು ಅಗಲವಾದ ಬೊಡ್ಡೆಯ ನಡುವಿಗೆ ಹೊಡೆಯುವುದಿಲ್ಲ, ಅಂಚಿನಿಂದ ಒಂದೊಂದೇ ಸೀಳು ಬಿಡಿಸುತ್ತ ಬರುತ್ತಾರೆ.

ನೀಲಗಿರಿಯ ಎಳೆ ತಿರುಚಿಕೊಂಡಿರುತ್ತದೆ. ಹಸಿಯಾಗಿದ್ದಾಗ ಹೇಗೋ ಸೀಳುತ್ತದೆ, ಒಣಗಿದರೆ ಕೊಡಲಿಯನ್ನೇ ಎಗರಿಸುತ್ತದೆ. ಅದಕ್ಕೇ ಲಾರಿ ಬಂದ ವಾರದೊಳಗೆ ಒಡೆದು ಮುಗಿಸುವುದು ವಾಡಿಕೆ. ಹೈಡ್ರಾಲಿಕ್ ಯಂತ್ರವಿದ್ದರೆ ಹತ್ತಿಪ್ಪತ್ತು ಟನ್ನಿನ ಒತ್ತಿನಲ್ಲಿ ಗಂಟುಮರವೂ ಸೀಳುತ್ತದೆ. ಆದರೆ ಆ ಬಂಡವಾಳ ಹಾಕಲು ವರ್ಷವಿಡೀ ಕೆಲಸವಿರಬೇಕು.

ಒಣಗಿಸುವವನ ಲೆಕ್ಕ

ಒಡೆದ ಸೌದೆ ಬೇಗ ಒಣಗುತ್ತದೆ, ಏಕೆಂದರೆ ತೊಗಟೆ ನೀರನ್ನು ಹೊರಕ್ಕೆ ಬಿಡುವುದಿಲ್ಲ. ನೀರು ಹೋಗುವುದು ಕೊಯ್ದ ತುದಿ ಮತ್ತು ಸೀಳಿದ ಮೈಯಿಂದ. ನೆಲಕ್ಕೆ ತಾಗದಂತೆ ಅಡ್ಡಮರ ಹಾಕಿ, ಒಂದು ಸಾಲು ಉದ್ದ, ಒಂದು ಸಾಲು ಅಡ್ಡ ಪೇರಿಸಿದರೆ ಗಾಳಿಯಾಡುತ್ತದೆ, ಗೆದ್ದಲೂ ಕಡಿಮೆ. ಮಳೆಗಾಲದಲ್ಲಿ ತಲೆಗೆ ಮಾತ್ರ ಟಾರ್ಪಾಲು ಹಾಕಬೇಕು, ಪಕ್ಕ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ. ಬಯಲು ಸೀಮೆಯ ಬೇಸಿಗೆಯಲ್ಲಿ ಎರಡು ಮೂರು ತಿಂಗಳು ಇಟ್ಟರೆ ನೀರಿನ ಪಾಲು ನೂರಕ್ಕೆ ಇಪ್ಪತ್ತರ ಹತ್ತಿರಕ್ಕೆ ಇಳಿಯುತ್ತದೆ.

ಈಗ ಲೆಕ್ಕ. ಅರ್ಧ ನೀರಿರುವ 10 ಟನ್ ಹಸಿ ಮರ ಹಾಗೆ ಒಣಗಿದಾಗ ತೂಗುವುದು 6.25 ಟನ್. ಟನ್ನಿನ ಲೆಕ್ಕದಲ್ಲಿ ಮಾರುವವನು ಹಾಕಿದ ಅಸಲು ಪಡೆಯಲೇ 1.6 ಪಟ್ಟು ದರ ಕೇಳಬೇಕು. ಕೊಳ್ಳುವವನ ಕಡೆಯಿಂದ ನೋಡೋಣ. ಹಸಿ ಸೌದೆ ಕಿಲೋಗೆ ಸುಮಾರು 1,900 ಕಿಲೋಕ್ಯಾಲರಿ ಶಾಖ ಕೊಟ್ಟರೆ ಒಣ ಸೌದೆ ಸುಮಾರು 3,400 ಕೊಡುತ್ತದೆ, ಅಂದರೆ 1.8 ಪಟ್ಟು. 1.6 ಪಟ್ಟು ದರ ಕೊಟ್ಟವನಿಗೂ ಲಾಭವೇ, ಜೊತೆಗೆ ಹೊಗೆ ಕಡಿಮೆ. ಹೀಗಿದ್ದೂ ಅರೆಹಸಿ ಸೌದೆಯೇ ಏಕೆ ಹೆಚ್ಚು ಮಾರಾಟವಾಗುತ್ತದೆ? ತಕ್ಕಡಿಗೆ ನೀರೂ ಮರವೂ ಒಂದೇ. ಮೂರು ತಿಂಗಳು ದುಡ್ಡನ್ನೂ ಜಾಗವನ್ನೂ ಕಟ್ಟಿಹಾಕುವ ಶಕ್ತಿ ಸಣ್ಣ ವ್ಯಾಪಾರಿಗಿಲ್ಲ.

ಅಮೆರಿಕದಲ್ಲಿ ಸೌದೆಯನ್ನು ತೂಕದಲ್ಲಿ ಮಾರದೆ 'ಕಾರ್ಡ್' ಎಂಬ ಅಳತೆಯಲ್ಲಿ ಮಾರುತ್ತಾರೆ: ನಾಲ್ಕಡಿ ಎತ್ತರ, ನಾಲ್ಕಡಿ ಅಗಲ, ಎಂಟಡಿ ಉದ್ದದ ಪೇರಿಕೆ, 128 ಘನ ಅಡಿ. ಒಣಗಿದ ಮರದ ತೂಕ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಇಳಿದರೂ ಗಾತ್ರ ಕುಗ್ಗುವುದು ಅಲ್ಪ. ಹಾಗಾಗಿ ಒಣಗಿಸಿದವನಿಗೆ ಅಲ್ಲಿ ಅಳತೆಯಲ್ಲಿ ನಷ್ಟವಿಲ್ಲ.

ಗಿರಾಕಿ ಮತ್ತು ಪರೀಕ್ಷೆ

ಬೆಂಗಳೂರಿನ ಸೌದೆ ವ್ಯಾಪಾರವನ್ನು ಅಮೂಲ್ಯ ಕೆ.ಎನ್. ರೆಡ್ಡಿ ಮತ್ತು ಬಿ. ಸುಧಾಕರ ರೆಡ್ಡಿ ಅಧ್ಯಯನ ಮಾಡಿ 1983ರಲ್ಲಿ ಪ್ರಕಟಿಸಿದಾಗ ದೊಡ್ಡ ಗಿರಾಕಿ ಮನೆಗಳೇ. ಗ್ಯಾಸ್ ಬಂತು, 2016ರ ಉಜ್ವಲಾ ಯೋಜನೆಯಿಂದ ಹಳ್ಳಿಗೂ ಸಿಲಿಂಡರ್ ಹೋಯಿತು. ಈಗ ಡಿಪೋ ನಡೆಸುತ್ತಿರುವುದು ಬೇಕರಿ ಭಟ್ಟಿ, ಕಲ್ಯಾಣ ಮಂಟಪ, ಬಿರಿಯಾನಿ ಹೋಟೆಲು, ಶಿಡ್ಲಘಟ್ಟ ರಾಮನಗರದ ರೇಷ್ಮೆ ಬಿಚ್ಚಾಣಿಕೆ, ಸ್ಮಶಾನ. ಭಟ್ಟಿಗೆ ಉದ್ದನೆಯ ತೆಳು ಸೀಳು ಬೇಕು, ಬಿರಿಯಾನಿ ದಮ್ಮಿಗೆ ಕೆಂಡ ನಿಲ್ಲುವ ಸರ್ವೆ, ಹುಣಸೆ. ಒಡೆಯಲು ಬಾರದ ಗಂಟುಗಳು ಮಂಟಪದ ದೊಡ್ಡ ಒಲೆಗೆ.

ಕೊಳ್ಳುವವರು ದರ ಕೇಳುವ ಮುಂಚೆ ಎರಡು ತುಂಡು ಎತ್ತಿ ಒಂದಕ್ಕೊಂದು ತಾಗಿಸಿ ನೋಡಬೇಕು. ಒಣಗಿದ್ದರೆ ಟಣ್ಣನೆ ಸದ್ದು ಬರುತ್ತದೆ, ಹಸಿಯಾಗಿದ್ದರೆ ದಪ್ಪೆನ್ನುತ್ತದೆ. ತುದಿಯಲ್ಲಿ ನಡುವಿನಿಂದ ಹರಡಿದ ಬಿರುಕು, ಉಗುರಿಗೇ ಬಿಡುವ ತೊಗಟೆ ಒಣಗಿದ್ದರ ಗುರುತು. ಹೊರಗಿನ ಬಣ್ಣ ನಂಬಬಾರದು, ಒಂದನ್ನು ಸೀಳಿಸಿ ಒಳಮೈಗೆ ಅಂಗೈ ಒತ್ತಿದರೆ ತಣ್ಣನೆಯ ಪಸೆ ಇದೆಯೋ ಇಲ್ಲವೋ ತಿಳಿಯುತ್ತದೆ. ವರ್ಷವಿಡೀ ಸೌದೆ ಬೇಕಾದ ಬೇಕರಿಯವರು ಬೇಸಿಗೆಯ ಆರಂಭದಲ್ಲೇ ಇಷ್ಟು ಟನ್ ಒಣ ಸೌದೆ ಬೇಕೆಂದು ಹೇಳಿ ಮುಂಗಡ ಕೊಟ್ಟರೆ, ಒಣಗಿಸಿಡಲು ವ್ಯಾಪಾರಿಗೆ ಇಲ್ಲದ ಬಂಡವಾಳ ಸಿಗುತ್ತದೆ, ತಮಗೂ ನೀರಿಗೆ ದುಡ್ಡು ಕೊಡುವುದು ತಪ್ಪುತ್ತದೆ.