ಒಂದನ್ನೊಂದು ತಳ್ಳಿ ನಿಂತ ಕಮಾನುಗಳು

ಹಳಿಯಾಳ, ಮುಂಡಗೋಡದ ಕಡೆಯವರು ಹುಬ್ಬಳ್ಳಿ ದಾಟಿ ಬೆಂಗಳೂರಿನ ಹಾದಿ ಹಿಡಿದರೆ ಹರಿಹರದ ಬಳಿ ತುಂಗಭದ್ರೆಯನ್ನು ದಾಟಲೇಬೇಕು. ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ ಇಲ್ಲಿ 1868ರಲ್ಲಿ ಕಲ್ಲು, ಇಟ್ಟಿಗೆಗಳ ಸೇತುವೆ ಎದ್ದಿತು. ಖರ್ಚು ಆ ಕಾಲಕ್ಕೆ ಸುಮಾರು 3.5 ಲಕ್ಷ ರೂಪಾಯಿ. ತಲಾ 60 ಅಡಿ ಅಗಲದ 14 ಕಮಾನುಗಳು. ಎಲ್ಲವೂ ಅರ್ಧವೃತ್ತಕ್ಕಿಂತ ಚಪ್ಪಟೆ, ಅಂಡಾಕಾರ. ಕುತೂಹಲ ಇರುವುದು ಆ ಚಪ್ಪಟೆತನದಲ್ಲೇ.

ಕಲ್ಲು ಒತ್ತಿದರೆ ತಾಳುತ್ತದೆ, ಎಳೆದರೆ ಸೀಳುತ್ತದೆ. ಎರಡು ಕಂಬಗಳ ಮೇಲೆ ಉದ್ದನೆಯ ಚಪ್ಪಡಿ ಹಾಸಿ ಭಾರ ಹೇರಿದರೆ ಅದರ ಅಡಿಮೈ ಹಿಗ್ಗಿ ಬಿರುಕು ಬಿಡುವುದು ಅದಕ್ಕೇ. ಈ ತೊಡಕಿಗೆ ಕಮಾನು ಉತ್ತರ. ಎರಡೂ ತುದಿ ಹಿಡಿದು ಇಳಿಬಿಟ್ಟ ಸರಪಳಿಯ ಆಕಾರವನ್ನು ತಲೆಕೆಳಗು ಮಾಡಿದರೆ ಎಳೆತವೆಲ್ಲ ಒತ್ತಡವಾಗುತ್ತದೆ ಎಂದು ರಾಬರ್ಟ್ ಹುಕ್ 17ನೇ ಶತಮಾನದಲ್ಲೇ ಕಂಡುಕೊಂಡಿದ್ದ. ಆ ಒತ್ತಡದ ಗೆರೆ ಕಲ್ಲಿನ ದಪ್ಪದೊಳಗೇ ಹಾದುಹೋಗುವಷ್ಟು ದಿನ ಕಮಾನಿಗೆ ಭಯವಿಲ್ಲ.

ಆದರೆ ಕಮಾನು ಕೆಳಕ್ಕೆ ಒತ್ತುವುದರ ಜೊತೆಗೆ ಪಕ್ಕಕ್ಕೂ ತಳ್ಳುತ್ತದೆ. 60 ಅಡಿಯ ಅರ್ಧವೃತ್ತ ಕಟ್ಟಲು 30 ಅಡಿ ಎತ್ತರ ಬೇಕು. ಎತ್ತಿನ ಗಾಡಿಗಳು ಅಷ್ಟು ಏರು ಹತ್ತದಂತೆ ಮಾಡಬೇಕೆಂದರೆ ಕಮಾನನ್ನು ತಗ್ಗಿಸಬೇಕು. ಎತ್ತರ ಅರ್ಧಕ್ಕಿಳಿದರೆ ಪಕ್ಕದ ತಳ್ಳು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇದನ್ನು ತಡೆಯುವವರು ಯಾರು? ಪಕ್ಕದ ಕಮಾನೇ. ನಡುವಿನ 13 ಕಂಬಗಳಲ್ಲಿ ಒಂದೊಂದನ್ನೂ ಎಡದ ಕಮಾನು ಬಲಕ್ಕೆ, ಬಲದ್ದು ಎಡಕ್ಕೆ ತಳ್ಳಿ ಲೆಕ್ಕ ಸರಿಹೋಗುತ್ತದೆ. ಕಂಬಕ್ಕೆ ಉಳಿಯುವುದು ಬಹುಮಟ್ಟಿಗೆ ನೇರ ಭಾರ. ಕೊನೆಯ ತಳ್ಳನ್ನು ಹೊರುವವು ಎರಡೂ ದಡಗಳ ಕಟ್ಟೆಗಳು.

ಈ ಸಮತೋಲವನ್ನು ನಂಬಿ ಕಂಬಗಳನ್ನು ಧೈರ್ಯವಾಗಿ ತೆಳುಮಾಡಿದವನು ಫ್ರಾನ್ಸಿನ ಎಂಜಿನಿಯರ್ ಪೆರೊನೆ. ಪ್ಯಾರಿಸ್ ಬಳಿಯ ನೆಯಿಯಲ್ಲಿ ಅವನು ಕಟ್ಟಿದ ಸೇತುವೆಗೆ ಐದು ಕಮಾನು. ಒಂದೊಂದಾಗಿ ಸೆಂಟ್ರಿಂಗ್ ಬಿಚ್ಚಿದ್ದರೆ ಒಂದೇ ಕಡೆಯ ತಳ್ಳಿಗೆ ತೆಳು ಕಂಬ ವಾಲಿಬಿಡುವ ಅಪಾಯವಿತ್ತು. ಹಾಗಾಗಿ 1772ರಲ್ಲಿ, ದೊರೆ 15ನೇ ಲೂಯಿಯ ಕಣ್ಣೆದುರು, ಐದರ ಆಸರೆಯನ್ನೂ ಒಟ್ಟಿಗೇ ತೆಗೆಸಿದ.

ಹಳೆಯ ಕಮಾನಿನಲ್ಲಿ ಕೂದಲೆಳೆಯ ಬಿರುಕು ಕಂಡರೆ ನನಗೆ ಅಷ್ಟು ದಿಗಿಲಾಗುವುದಿಲ್ಲ. ಸುಣ್ಣದ ಗಾರೆಯ ಕಟ್ಟಡ ಕೊಂಚ ಮಿಸುಕಿ ಮತ್ತೆ ಕೂತುಕೊಳ್ಳುತ್ತದೆ. ಸಂದಿಯಲ್ಲಿ ಅರಳಿ ಸಸಿ ಚಿಗುರಿದ್ದರೆ ಮಾತ್ರ ತಡಮಾಡದೆ ತೆಗೆಸಬೇಕು. ಬೇರು ದಪ್ಪವಾದಂತೆ ಕಲ್ಲುಗಳನ್ನು ಬಿಡಿಸುತ್ತದೆ. ಅದಕ್ಕಿಂತ ದೊಡ್ಡ ಆತಂಕ ನೀರಿನಡಿಯದು. ಪ್ರವಾಹ ಕಂಬಕ್ಕೆ ಬಡಿದು ಸುಳಿಯಾಗಿ ಬುಡದ ಮರಳನ್ನು ತೋಡುತ್ತದೆ. ಸುತ್ತಮುತ್ತ ಮರಳು ಎತ್ತಿದರೆ ನದಿಯ ತಳ ಇನ್ನಷ್ಟು ಇಳಿಯುತ್ತದೆ. ಒಂದು ಕಂಬ ಕುಸಿದರೆ ಆಚೀಚಿನ ಕಮಾನುಗಳಿಗೆ ಎದುರುತಳ್ಳು ಇಲ್ಲದಾಗಿ ಅವೂ ಸಾಲಾಗಿ ಬೀಳಬಹುದು. ಮಳೆಗಾಲ ಮುಗಿದು ನೀರು ತಿಳಿಯಾದ ಕೂಡಲೇ ಇಂಥ ಸೇತುವೆಗಳ ಕಂಬದ ಬುಡಕ್ಕೆ ಮುಳುಗುಗಾರರನ್ನು ಇಳಿಸಿ ನೋಡಿಸಬೇಕು.