ಕರಿಬೇವಿನ ಗಿಡದಲ್ಲೊಂದು ಪಾಠ

ಒಗ್ಗರಣೆಗೆಂದು ಕರಿಬೇವು ಕೀಳಲು ಹೋದ ತಾಯಿ ಹಸಿರು ಹುಳುವೊಂದನ್ನು ಕಂಡು ಬೆಚ್ಚುತ್ತಾರೆ. ಕಡ್ಡಿಯಿಂದ ಕೆಳಗೆ ನೂಕಿ ಚಪ್ಪಲಿಯಲ್ಲಿ ಒರೆಸಿಬಿಡುತ್ತಾರೆ. ಅದೇ ಹೊತ್ತಿಗೆ ಮನೆಯೊಳಗೆ ಮಗು ‘ಚಿಟ್ಟೆಯ ಜೀವನಚಕ್ರದ ನಾಲ್ಕು ಹಂತಗಳನ್ನು ಹೆಸರಿಸಿ’ ಎಂಬ ಪ್ರಶ್ನೆಗೆ ಉತ್ತರ ಉರು ಹೊಡೆಯುತ್ತಿರುತ್ತದೆ. ಜೀವಂತ ಪಾಠ ಹಿತ್ತಲಲ್ಲೇ ಮುಗಿದುಹೋಯಿತಲ್ಲ!

ನಿಂಬೆ, ಕರಿಬೇವಿನ ಗಿಡಗಳಲ್ಲಿ ಸಿಗುವ ಇಂಥ ಹುಳು ಅನೇಕ ಸಲ ನಿಂಬೆ ಚಿಟ್ಟೆಯ ಮರಿಯಾಗಿರುತ್ತದೆ. ತಾಯಿ ಚಿಟ್ಟೆ ಎಳೆಯ ಎಲೆಗಳ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಕೆಲವೇ ದಿನಗಳಲ್ಲಿ ಹೊರಬರುವ ಮರಿ ಮೊದಮೊದಲು ಥೇಟ್ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. ಹಿಕ್ಕೆಯನ್ನು ಯಾವ ಹಕ್ಕಿ ತಾನೆ ತಿಂದೀತು? ನಾಲ್ಕು ಬಾರಿ ಪೊರೆ ಕಳಚಿದ ಮೇಲೆ ಅದು ಹಸಿರಾಗಿ ಎಲೆಗಳ ನಡುವೆ ಬೆರೆತುಹೋಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಅಂಗವೊಂದನ್ನು ಚಾಚಿ ಕಟುವಾಸನೆ ಬೀರುತ್ತದೆ, ಅಷ್ಟೆ. (ಮೈತುಂಬ ರೋಮವಿರುವ ಕಂಬಳಿಹುಳುಗಳನ್ನು ಮಾತ್ರ ಮಕ್ಕಳು ಮುಟ್ಟಬಾರದು.)

ಈ ಹುಳುವನ್ನು ಸಾಕುವುದು ಸುಲಭ. ಅಗಲ ಬಾಯಿಯ ಗಾಜಿನ ಜಾಡಿ, ಬಾಯಿಗೆ ಕಟ್ಟಲು ತೆಳುಬಟ್ಟೆ, ಒಳಗೊಂದು ಒಣಕಡ್ಡಿ ಇದ್ದರೆ ಸಾಕು. ದಿನವೂ ಅದೇ ಗಿಡದ, ಔಷಧಿ ಹೊಡೆಯದ ತಾಜಾ ಎಲೆ ಹಾಕಬೇಕು, ಹಿಕ್ಕೆ ತೆಗೆಯಬೇಕು. ಮಗು ದಿನಾಂಕ ಬರೆದು, ಸ್ಕೇಲಿನಿಂದ ಉದ್ದ ಅಳೆದು, ಚಿತ್ರ ಬಿಡಿಸಲಿ.

ಒಂದು ದಿನ ಹುಳು ತಿನ್ನುವುದನ್ನು ನಿಲ್ಲಿಸಿ, ಕಡ್ಡಿಗೆ ರೇಷ್ಮೆಯೆಳೆಯಿಂದ ತನ್ನನ್ನು ಬಿಗಿದುಕೊಂಡು ಕೋಶವಾಗುತ್ತದೆ. ‘ಹುಳು ಸತ್ತುಹೋಯಿತಾ ಅಪ್ಪಾ?’ ಎಂದು ಮಗು ಕೇಳುವುದು ಆಗಲೇ. ಸತ್ತಿಲ್ಲ. ಒಳಗೆ ಹುಳುವಿನ ದೇಹದ ಬಹುಭಾಗ ಕರಗಿ, ಮೊದಲೇ ಅಡಗಿದ್ದ ಪುಟ್ಟ ಜೀವಕೋಶಗಳ ಗುಂಪುಗಳಿಂದ ರೆಕ್ಕೆ, ಕಾಲು, ಮೀಸೆಗಳು ರೂಪುಗೊಳ್ಳುತ್ತಿರುತ್ತವೆ. ಚಿಟ್ಟೆ ಹೊರಬರುವಾಗ ಕನಿಕರದಿಂದ ಕೋಶವನ್ನು ಬಿಡಿಸಲು ಹೋಗಬಾರದು. ಮುದುಡಿದ ರೆಕ್ಕೆಗಳಿಗೆ ದೇಹದ ದ್ರವವನ್ನು ಹರಿಸಿ ತಾನೇ ಅರಳಿಸಿಕೊಳ್ಳಬೇಕು. ಅವಸರದ ಸಹಾಯ ಅದನ್ನು ಹೆಳವಾಗಿಸೀತು.

ಕೀಟಗಳು ಕೊಳಕಿನಿಂದ ತಾವಾಗಿ ಹುಟ್ಟುತ್ತವೆಂದು ಯೂರೋಪಿನ ಜನ ನಂಬಿದ್ದ ಕಾಲದಲ್ಲಿ, ಜರ್ಮನಿಯ ಮರಿಯಾ ಸಿಬಿಲ್ಲಾ ಮೆರಿಯನ್ ಎಂಬ ಹುಡುಗಿ 13ನೇ ವಯಸ್ಸಿನಲ್ಲಿ ರೇಷ್ಮೆಹುಳು ಸಾಕಿ ನೋಡಿದಳು. ಮುಂದೆ 1699ರಲ್ಲಿ, 52ನೇ ವಯಸ್ಸಿನಲ್ಲಿ, ಮಗಳೊಡನೆ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹಡಗೇರಿದರು. ಅಲ್ಲಿನ ಕೀಟಗಳ ರೂಪಾಂತರವನ್ನು ಅವು ತಿನ್ನುವ ಗಿಡಗಳ ಸಮೇತ ಚಿತ್ರಿಸಿ 1705ರಲ್ಲಿ ಗ್ರಂಥ ಪ್ರಕಟಿಸಿದರು. ಎಲ್ಲದರ ಮೊದಲು ಇದ್ದದ್ದು ಹುಳುವೊಂದನ್ನು ತಾಳ್ಮೆಯಿಂದ ನೋಡುವ ಅಭ್ಯಾಸ.

ಮಿಡತೆ, ಜಿರಲೆಗಳಿಗೆ ಕೋಶದ ಹಂತವಿಲ್ಲ. ಮರಿಗಳು ರೆಕ್ಕೆಯಿಲ್ಲದ ಪುಟ್ಟ ಮಿಡತೆ, ಜಿರಲೆಗಳಂತೆಯೇ ಇರುತ್ತವೆ. ಸೊಳ್ಳೆಗಾದರೋ ಚಿಟ್ಟೆಯಂತೆ ನಾಲ್ಕೂ ಹಂತಗಳುಂಟು, ಮೊದಲ ಮೂರು ನೀರಿನಲ್ಲೇ. ಡ್ರಮ್ಮಿನ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಉಜ್ಜಬೇಕೆನ್ನುವುದು ಇದಕ್ಕೇ. ಜೀವನಚಕ್ರ ಬಲ್ಲ ಮಗು ಯಾವುದನ್ನು ತಡೆಯಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನೂ ಬಲ್ಲದು.

ಮುಂದಿನ ಸಲ ಕರಿಬೇವಿನಲ್ಲಿ ಹುಳು ಕಂಡರೆ ಚಪ್ಪಲಿಗೆ ಕೈಹಾಕುವ ಮುನ್ನ ಮಗುವನ್ನೊಮ್ಮೆ ಕೂಗಿ. ನಾಲ್ಕೆಲೆ ಹೋದರೆ ಹೋಗಲಿ. ಒಗ್ಗರಣೆಗೆ ಇನ್ನೂ ಉಳಿದಿರುತ್ತದೆ.